ಕ್ರಿಕೆಟ್ ಹುಡುಗನ ಬೇಸ್‌ಬಾಲ್ ಸ್ವಿಂಗ್

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗನಿಗೆ 11 ವರ್ಷ, ಬಲಗೈ ಬ್ಯಾಟರ್. ಚಿಕ್ಕಂದಿನಿಂದ ಅಪ್ಪನ ಜೊತೆ ಕ್ರಿಕೆಟ್ ಆಡಿದವನು. ಈ ವರ್ಷ ಲಿಟಲ್ ಲೀಗ್ ಅನ್ನೋ ಮಕ್ಕಳ ಬೇಸ್‌ಬಾಲ್ ಸೇರಿದ್ದಾನೆ. ಬಾಲ್ ಬ್ಯಾಟಿಗೆ ತಾಗುತ್ತದೆ, ಆದರೆ ಮೇಲೇಳುವುದೇ ಇಲ್ಲ, ನೆಲದ ಮೇಲೆ ಉರುಳಿ ಹೋಗುತ್ತದೆ. ತೋಳಿನಲ್ಲಿ ಶಕ್ತಿ ಸಾಲದೇನೋ ಅಂತ ದಿನಾ ಪುಷ್‌ಅಪ್ ಮಾಡಿಸುತ್ತಿದ್ದೇವೆ. ಒಬ್ಬ ಕೋಚ್ ಬ್ಯಾಟನ್ನು ಮೇಲಿಂದ ಕೆಳಕ್ಕೆ ಬೀಸು ಅನ್ನುತ್ತಾರೆ, ಇನ್ನೊಬ್ಬರು ಕೆಳಗಿಂದ ಮೇಲಕ್ಕೆ ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಪುಷ್‌ಅಪ್ ಮಾಡಲಿ, ಒಳ್ಳೆಯದೇ. ಆದರೆ ಈ ತೊಂದರೆ ತೋಳಿನದ್ದಲ್ಲ. ಕ್ರಿಕೆಟ್‌ನಲ್ಲಿ ಅವನು ಚೆನ್ನಾಗಿ ಕಲಿತ ಪಾಠವೇ ಇಲ್ಲಿ ಅಡ್ಡ ಬರುತ್ತಿದೆ ಅಂತ ನನಗನ್ನಿಸುತ್ತದೆ.

ಫ್ರಂಟ್‌ಫುಟ್ ಡ್ರೈವ್ ನೆನಪಿಸಿಕೊಳ್ಳಿ. ಮುಂದಿನ ಮಂಡಿ ಬಗ್ಗುತ್ತದೆ, ಮೈಭಾರವೆಲ್ಲ ಅದರ ಮೇಲೆ ಬೀಳುತ್ತದೆ, ತಲೆ ಬಾಲಿನ ಮೇಲೆ ಬರುತ್ತದೆ. ಬಾಲ್ ನೆಲಕ್ಕಂಟಿಕೊಂಡು ಹೋದರೆ ಅಪ್ಪ ‘ಭೇಷ್’ ಅಂದಿರುತ್ತಾರೆ, ಅಲ್ವಾ? ಬೇಸ್‌ಬಾಲ್‌ನಲ್ಲಿ ಅದೇ ಬಾಲನ್ನು ಫೀಲ್ಡರ್ ಎತ್ತಿ ಮೊದಲನೇ ಬೇಸಿಗೆ ಎಸೆದುಬಿಡುತ್ತಾನೆ. ಹುಡುಗ ಅಲ್ಲಿಗೆ ಓಡಿ ಮುಟ್ಟುವ ಮೊದಲೇ ಬಾಲ್ ಬಂದರೆ ಅವನು ಔಟ್.

ಇಲ್ಲಿ ಮುಂದಿನ ಹೆಜ್ಜೆ ಚಿಕ್ಕದು. ಪಾದ ಊರಿದ ಮೇಲೆ ಆ ಕಾಲು ಗೇಟಿನ ಕಂಬದ ಹಾಗೆ ಗಟ್ಟಿಯಾಗಬೇಕು, ಮೈ ಅದರ ಸುತ್ತ ತಿರುಗಬೇಕು. ತಲೆ ಬಾಲಿನತ್ತ ಓಡದೆ ಹಿಂದೆಯೇ ಉಳಿಯಬೇಕು. ನಿಮ್ಮ ಹುಡುಗ ಬಾಲನ್ನು ಹುಡುಕಿಕೊಂಡು ಹೋಗಿ ಹೊಡೆಯುತ್ತಿದ್ದಾನೆ. ತಿರುಗುವುದಕ್ಕೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ, ಪಾಪ, ಕೈಯಷ್ಟೇ ಬೀಸಬೇಕು.

ಶಕ್ತಿ ಹುಟ್ಟುವುದು ನೆಲದಿಂದ. ಕಾಲು ಊರುತ್ತದೆ, ಸೊಂಟ ತಿರುಗುತ್ತದೆ, ಆಮೇಲೆ ಎದೆ, ಆಮೇಲೆ ಕೈ, ಎಲ್ಲಕ್ಕಿಂತ ಕೊನೆಗೆ ಬ್ಯಾಟಿನ ತುದಿ. ಊರಿನಲ್ಲಿ ಅಜ್ಜಿ ಒಗೆಯೋ ಕಲ್ಲಿನ ಮೇಲೆ ನೆಂದ ದುಪ್ಪಟಿ ಬಡಿಯುವುದನ್ನು ನೋಡಿದ್ದೀರಾ? ಅವರ ತೋಳು ಸಣ್ಣದೇ. ಸೊಂಟ ಮೊದಲು ಹೊರಟುಬಿಡುತ್ತದೆ, ಬಟ್ಟೆ ಹಿಂದೆ ಜೋಲುತ್ತಾ ಬಂದು ಕೊನೆಯಲ್ಲಿ ಫಟ್ ಅಂತ ಬೀಳುತ್ತದೆ. ಬ್ಯಾಟೂ ಹಾಗೇ ಬರಬೇಕು.

ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಮುಂದಿನ ಹಿಮ್ಮಡಿ ನೆಲ ಮುಟ್ಟಿದ ಕ್ಷಣದಲ್ಲಿ ನಿಲ್ಲಿಸಿ ನೋಡಿ. ಅವನ ಎರಡೂ ಕೈ ಆಗಲೂ ಹಿಂದಿನ ಭುಜದ ಹತ್ತಿರವೇ ಇದ್ದರೆ ಸರಿ. ಅಷ್ಟರಲ್ಲೇ ಎದೆಯ ಮುಂದೆ ಬಂದಿದ್ದರೆ ಸೊಂಟಕ್ಕೆ ಮಾಡಲು ಕೆಲಸವೇ ಇಲ್ಲ. ಇನ್ನು ಬಾಲ್ ತಾಗುವ ಕ್ಷಣದಲ್ಲಿ ಅಂಗೈ ನೋಡಿ. ಬಲ ಅಂಗೈ ಆಕಾಶಕ್ಕೆ, ಎಡ ಅಂಗೈ ನೆಲಕ್ಕೆ. ಬಲ ಮಣಿಕಟ್ಟು ಆಗಲೇ ಮೇಲಿಂದ ಉರುಳಿಬಿಟ್ಟಿದ್ದರೆ ಬಾಲ್ ನೆಲಕ್ಕೇ ಹೋಗುತ್ತದೆ. ಅದು ಉರುಳುವುದು ಬಾಲ್ ಹೋದ ಮೇಲೆ.

ಇಲ್ಲಿ ಇನ್ನೊಂದು ಗೊಂದಲ ಇರುತ್ತದೆ. ಕ್ರಿಕೆಟ್‌ನಲ್ಲಿ ಬಲಗೈ ಬ್ಯಾಟರ್‌ನ ಎಡಗೈಗೆ ಟಾಪ್ ಹ್ಯಾಂಡ್ ಅನ್ನುತ್ತಾರೆ. ಬೇಸ್‌ಬಾಲ್ ಬ್ಯಾಟ್ ಮೇಲ್ಮುಖವಾಗಿ ನಿಲ್ಲುವುದರಿಂದ ಬಲಗೈಯೇ ಟಾಪ್ ಹ್ಯಾಂಡ್. ಕೋಚ್ ‘ಟಾಪ್ ಹ್ಯಾಂಡ್’ ಅಂದಾಗ ಅವನು ತಪ್ಪು ಕೈ ಬಗ್ಗೆ ಯೋಚಿಸುತ್ತಿರಬಹುದು. ಒಮ್ಮೆ ಕೇಳಿ ನೋಡಿ.

ಇನ್ನು ಕೋಚ್‌ಗಳ ಮಾತು. ಪಿಚರ್, ಅಂದರೆ ಬಾಲ್ ಎಸೆಯುವವನು, ನಿಲ್ಲುವುದು ದಿಬ್ಬದ ಮೇಲೆ. ಎತ್ತರದಿಂದ ಬಿಟ್ಟ ಬಾಲ್ ಇಳಿಯುತ್ತಾ ಬರುತ್ತದೆ. ಬ್ಯಾಟ್ ಸ್ವಲ್ಪವೇ ಸ್ವಲ್ಪ ಮೇಲ್ಮುಖವಾಗಿ ಬೀಸಿದರೆ ಅದು ಬಾಲಿನ ದಾರಿಯಲ್ಲೇ ಹೆಚ್ಚು ಹೊತ್ತು ಇರುತ್ತದೆ, ಟೈಮಿಂಗ್ ಕೊಂಚ ತಪ್ಪಿದರೂ ತಾಗುತ್ತದೆ. ಅಮೆರಿಕದ ಹೆಸರಾಂತ ಬೇಸ್‌ಬಾಲ್ ಬ್ಯಾಟರ್ ಟೆಡ್ ವಿಲಿಯಮ್ಸ್ ಇದನ್ನೇ ಹೇಳುತ್ತಿದ್ದರು. 1941ರಲ್ಲಿ ಅವರ ಬ್ಯಾಟಿಂಗ್ ಸರಾಸರಿ .406, ಅಂದರೆ ಸಾವಿರ ಅವಕಾಶಕ್ಕೆ 406 ಹಿಟ್‌ನ ಲೆಕ್ಕ. ಅಲ್ಲಿನ ದೊಡ್ಡ ಲೀಗ್‌ಗಳಾದ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎರಡರಲ್ಲೂ ಆಮೇಲೆ ಒಂದು ಸೀಸನ್ನಿನಲ್ಲಿ ಯಾರೂ .400 ಮುಟ್ಟಿಲ್ಲ. ನಾನೂ ಅವರ ಪಕ್ಷ. ಆದರೆ ‘ಮೇಲಕ್ಕೆ’ ಅಂದ ಕೂಡಲೇ ಮಕ್ಕಳು ಹಿಂದಿನ ಭುಜ ಇಳಿಸಿ ಬ್ಯಾಟನ್ನು ಬಕೆಟ್ಟಿನಿಂದ ನೀರು ಎರಚುವ ಹಾಗೆ ಎತ್ತುತ್ತಾರೆ. ಅದನ್ನು ತಡೆಯಲಿಕ್ಕೇ ಮೊದಲ ಕೋಚ್ ‘ಕೆಳಕ್ಕೆ’ ಅನ್ನುತ್ತಿರಬಹುದು. ಇಬ್ಬರ ಹತ್ತಿರವೂ ಮಾತಾಡಿ, ಹುಡುಗನಿಗೆ ಒಂದೇ ಮಾತು ಹೇಳುವಂತೆ ಕೇಳಿಕೊಳ್ಳಿ. ಲಿಟಲ್ ಲೀಗ್‌ನಲ್ಲಿ ಪಿಚರ್ 46 ಅಡಿ ದೂರದಲ್ಲಿರುತ್ತಾನೆ. ಬಾಲ್ ಬರುವಷ್ಟರಲ್ಲಿ ಎರಡು ಮಾತು ನೆನಪಿಟ್ಟುಕೊಳ್ಳುವಷ್ಟು ಪುರಸೊತ್ತಿರುವುದಿಲ್ಲ.

ಮನೆಯಲ್ಲಿ ಇಷ್ಟು ಮಾಡಿಸಿ. ಟೀಯನ್ನು (ಬಾಲ್ ಇಟ್ಟು ಹೊಡೆಯುವ ಕೋಲಿನಂಥ ಸ್ಟ್ಯಾಂಡ್) ಸೊಂಟದೆತ್ತರಕ್ಕೆ, ಮುಂದಿನ ಪಾದದ ನೇರಕ್ಕೆ ಇಡಿ. ಹತ್ತು ಅಡಿ ದೂರದಲ್ಲಿ ಬಲೆ ಕಟ್ಟಿ, ಟೀಗಿಂತ ಒಂದೆರಡು ಅಡಿ ಮೇಲೆ ಬಣ್ಣದ ರಿಬ್ಬನ್ ಕಟ್ಟಿ. ಬಾಲ್ ಆ ರಿಬ್ಬನ್ ಹತ್ತಿರ ತಾಗಬೇಕು. ದಿನಕ್ಕೆ 30 ಸಾಕು. ಪ್ರತಿ ಹೊಡೆತವಾದ ಮೇಲೆ ಸುಮ್ನೆ ಎರಡು ಕ್ಷಣ ಹಾಗೇ ನಿಲ್ಲಲಿ. ಬೆಲ್ಟಿನ ಬಕಲ್ ಪಿಚರ್ ಕಡೆ ತಿರುಗಿದೆಯೇ, ಮುಂದಿನ ಕಾಲು ನೇರವಾಗಿದೆಯೇ ಅಂತ ಅವನೇ ನೋಡಿಕೊಳ್ಳಲಿ, ನೀವು ಹೇಳಬೇಡಿ.