ಎರಡೂಮುಕ್ಕಾಲು ಲಕ್ಷದ ಆಂಪ್ ಬೇಕಾ? ಮೊದಲು ಮೀಟರ್ ಹಿಡಿದು ನೋಡಿ

ಮಾರಾಯ್ರೇ, ನಿಮ್ಮ ಪ್ರಶ್ನೆಗೆ ಆಗಲೇ ಅರ್ಧ ಗುಂಪು "ತೆಗೊಳ್ಳಿ" ಎಂದಿದೆ, ಇನ್ನರ್ಧ "ದುಡ್ಡು ದಂಡ" ಎಂದಿದೆ. ನಿಮ್ಮ ಮನೆಯ ಲೆಕ್ಕ ಮಾತ್ರ ಯಾರೂ ಹಾಕಲಿಲ್ಲ. ನೀವು ಬರೆದದ್ದು ಇಷ್ಟು: ಉಡುಪಿ ಹತ್ತಿರ ಹಂಚಿನ ಮನೆ. ಚಾವಡಿಯಲ್ಲಿ 87 ಡಿಬಿ ಸೆನ್ಸಿಟಿವಿಟಿಯ (ಅಂದರೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಜೋರು), 8 ಓಮಿನ ಬುಕ್‌ಶೆಲ್ಫ್ ಸ್ಪೀಕರ್. ಈಗಿರುವುದು 45 ವಾಟಿನ ಸಾಧಾರಣ ಆಂಪ್ಲಿಫೈಯರ್, ಅಂದರೆ ಸ್ಪೀಕರಿಗೆ ಶಕ್ತಿ ಕೊಡುವ ಆಂಪ್. ಬೆಂಗಳೂರಿನ ಶೋರೂಮಿನಲ್ಲಿ 2.75 ಲಕ್ಷದ್ದನ್ನು ಕೇಳಿ ಬಂದ ಮೇಲೆ ಮನೆಯದ್ದು ಸಪ್ಪೆ ಅನಿಸುತ್ತಿದೆ. ದುಬೈಯಲ್ಲಿರುವ ತಮ್ಮ ತಂದುಕೊಡುತ್ತೇನೆ ಅನ್ನುತ್ತಿದ್ದಾನೆ. ಕೇಳುವುದು ಹೆಚ್ಚಾಗಿ ಯಕ್ಷಗಾನ, ಸ್ವಲ್ಪ ಕರ್ನಾಟಕ ಸಂಗೀತ, ಹಳೆ ಚಿತ್ರಗೀತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಸ್ಪೀಕರಿಗೆ ಆ ಆಂಪ್ ಬೇಡ. ಆದರೆ ನನ್ನ ಮಾತು ನಂಬಬೇಕಾಗಿಲ್ಲ. ಕರೆಂಟಿನ ಅಂಗಡಿಯಲ್ಲಿ ಸಿಗುವ ಒಂದು ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಒಂದು ಸಂಜೆಯಲ್ಲಿ ನೀವೇ ತೀರ್ಮಾನ ಮಾಡಬಹುದು.

ಹೇಗೆ ಅಂದರೆ, ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ 120 ಹರ್ಟ್ಸಿನ ಟೋನ್ ಮಾಡಿ, ಆಂಪ್ಲಿಟ್ಯೂಡ್ 0.25 ಇಡಿ. ಫುಲ್ ಸ್ಕೇಲಿಗೆ, ಅಂದರೆ ಡಿಜಿಟಲ್ ಫೈಲ್ ಹಿಡಿಯಬಲ್ಲ ಗರಿಷ್ಠ ಮಟ್ಟಕ್ಕೆ, ಅದು ನಾಲ್ಕನೇ ಒಂದು ಪಾಲು, 12 ಡಿಬಿ ಕೆಳಗೆ ಆಗುತ್ತದೆ. ಫೈಲನ್ನು ಸೇವ್ ಮಾಡಿ, ನೀವು ಪದ ಕೇಳುವ ಅದೇ ಪ್ಲೇಯರಿಗೆ ಹಾಕಿ. ಈಗ ನಿಮಗೆ ಗೊತ್ತಿರುವ ಅತ್ಯಂತ ಜೋರಿನ ಪದ್ಯ ಹಾಕಿ, ಮನೆಯವರು ಬೈಯುವಷ್ಟು ವಾಲ್ಯೂಮ್ ಏರಿಸಿ. ಇದಕ್ಕಿಂತ ಜೋರಾಗಿ ಯಾವತ್ತೂ ಕೇಳುವುದಿಲ್ಲ ಅನ್ನುವ ಜಾಗದಲ್ಲಿ ನಾಬ್ ಬಿಡಿ, ಮತ್ತೆ ಮುಟ್ಟಬೇಡಿ. ಪದ ನಿಲ್ಲಿಸಿ. ಆಂಪ್ ಆಫ್ ಮಾಡಿ ಸ್ಪೀಕರ್ ವಯರ್ ಬಿಚ್ಚಿ, ಎರಡು ತುದಿ ಒಂದಕ್ಕೊಂದು ತಾಗದ ಹಾಗೆ ದೂರ ಇಡಿ. ಮತ್ತೆ ಆನ್ ಮಾಡಿ ಟೋನ್ ಹಾಕಿ, ಮೀಟರನ್ನು ಎಸಿ ವೋಲ್ಟಿಗಿಟ್ಟು ಒಂದು ಚಾನೆಲ್ಲಿನ ಕೆಂಪು, ಕಪ್ಪು ಟರ್ಮಿನಲ್ಲಿಗೆ ಹಿಡಿಯಿರಿ. (ವಾಲ್ವ್ ಆಂಪ್, ಅಂದರೆ ಹಳೇ ರೇಡಿಯೊದಂತೆ ಗಾಜಿನ ಟ್ಯೂಬ್ ಇರುವ ಆಂಪ್ ಇರುವವರು ಇದನ್ನು ಮಾಡಬೇಡಿ. ಲೋಡ್ ಇಲ್ಲದೆ ಓಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು.)

ಮೀಟರ್ ತೋರಿಸಿದ್ದನ್ನು 4ರಿಂದ ಗುಣಿಸಿ. ರೆಕಾರ್ಡಿಂಗಿನಲ್ಲಿ ಇರಬಹುದಾದ ಅತಿ ದೊಡ್ಡ ಪೆಟ್ಟಿಗೆ ನಿಮ್ಮ ಆಂಪ್ ಕೊಡಬೇಕಾದ ವೋಲ್ಟೇಜ್ ಅದು. ಉದಾಹರಣೆಗೆ 2.5 ವೋಲ್ಟ್ ಬಂತು ಅಂದುಕೊಳ್ಳಿ. ನಾಲ್ಕರಿಂದ ಗುಣಿಸಿದರೆ 10. ಹತ್ತರ ವರ್ಗ 100, ಅದನ್ನು 8 ಓಮಿನಿಂದ ಭಾಗಿಸಿದರೆ 12.5 ವಾಟ್. ಅಂದರೆ ನಿಮ್ಮ 45 ವಾಟಿನ ಮೂರನೇ ಒಂದು ಪಾಲನ್ನೂ ನೀವು ಬಳಸುತ್ತಿಲ್ಲ. 8 ಓಮಿಗೆ 45 ವಾಟ್ ಎಂದರೆ ಹತ್ತಿರ ಹತ್ತಿರ 19 ವೋಲ್ಟ್. ಹಾಗಾಗಿ ಮೀಟರಿನಲ್ಲಿ 4.7ರ ಒಳಗೆ ಇದ್ದರೆ ಆಂಪಿಗೆ ಉಸಿರು ಕಟ್ಟುತ್ತಿಲ್ಲ. ಅದಕ್ಕಿಂತ ಮೇಲೆ ಬಂದರೆ ಮಾತ್ರ ವಾಟ್ ಸಾಲುತ್ತಿಲ್ಲ ಎಂಬ ದೂರಿಗೆ ಅರ್ಥ ಉಂಟು.

ವಾಟ್ ವಿಷಯದಲ್ಲಿ ಅಂಗಡಿಯವರು ಹೇಳದ ಲೆಕ್ಕ ಒಂದಿದೆ. ವಾಟ್ ದುಪ್ಪಟ್ಟಾದರೆ ಧ್ವನಿ ಏರುವುದು ಬರೇ 3 ಡಿಬಿ. ಕಿವಿಗೆ ದುಪ್ಪಟ್ಟು ಜೋರು ಅನಿಸಬೇಕಾದರೆ ಸುಮಾರು 10 ಡಿಬಿ ಬೇಕು, ಅಂದರೆ ಹತ್ತು ಪಾಲು ವಾಟ್. 45ರಿಂದ 100 ವಾಟಿಗೆ ಹೋದರೆ ಸಿಗುವುದು ಮೂರೂವರೆ ಡಿಬಿ. ಅದೇ 87ರ ಬದಲು 90 ಡಿಬಿಯ ಸ್ಪೀಕರ್ ಇಟ್ಟರೆ, ಆಂಪ್ ಮುಟ್ಟದೆಯೇ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ.

ಹಾಗಂತ ನಿಮ್ಮ ವಿಷಯದಲ್ಲಿ ಒಂದು ಸಂಶಯ ನನಗೂ ಇದೆ, ಅದು ಚೆಂಡೆ. ಭಾಗವತರು ಮದ್ದಳೆಯ ಜೊತೆ ನಿಧಾನಕ್ಕೆ ಹೇಳುತ್ತಿರುವಾಗ ಆಂಪ್ ಅರ್ಧ ವಾಟ್ ಕೊಟ್ಟರೂ ಚಾವಡಿ ತುಂಬುತ್ತದೆ. ಏರುಪದಕ್ಕೆ ಚೆಂಡೆ ಬಿತ್ತು ಅಂದರೆ ಒಂದೊಂದು ಪೆಟ್ಟಿನ ಮೊನೆ ಸರಾಸರಿಗಿಂತ 20 ಡಿಬಿ ಮೇಲೆ ಹೋಗಬಹುದು. 20 ಡಿಬಿ ಎಂದರೆ ನೂರು ಪಾಲು. ಅರ್ಧ ವಾಟ್ ಇದ್ದದ್ದು ಆ ಕ್ಷಣಕ್ಕೆ 50 ಕೇಳುತ್ತದೆ. ಸಿನಿಮಾ ಹಾಡಿಗೆ ಈ ಸಮಸ್ಯೆ ಕಡಿಮೆ, ಅದನ್ನು ಸ್ಟುಡಿಯೊದಲ್ಲೇ ಒತ್ತಿ ಸಮ ಮಾಡಿರುತ್ತಾರೆ. ಆದ್ದರಿಂದ ಪರೀಕ್ಷೆಗೆ ಚೆಂಡೆ ಇರುವ ಪದ್ಯವನ್ನೇ ಇಟ್ಟುಕೊಳ್ಳಿ. ಅದರಲ್ಲೂ ಒಳ್ಳೆಯ ರೆಕಾರ್ಡಿಂಗ್ ಬೇಕು. ಆಟದ ದಿನ ಯಾರೋ ಮೊಬೈಲಿನಲ್ಲಿ ಹಿಡಿದದ್ದರಲ್ಲಿ ಚೆಂಡೆ ಒಡೆದ ಹಾಗೆ ಕೇಳಿದರೆ, ಅದು ರೆಕಾರ್ಡ್ ಆಗುವಾಗಲೇ ಒಡೆದದ್ದು. ಹತ್ತು ಲಕ್ಷದ ಆಂಪ್ ತಂದರೂ ಹೊಲಿಗೆ ಹಾಕಲಿಕ್ಕೆ ಆಗುವುದಿಲ್ಲ.

ಇನ್ನು ಶೋರೂಮಿನಲ್ಲಿ ಕೇಳಿದ್ದು ಅಷ್ಟು ಚೆನ್ನಾಗಿತ್ತಲ್ವಾ ಅಂತ ಕೇಳಿದ್ದೀರಿ. ಚೆನ್ನಾಗಿಯೇ ಇದ್ದಿರಬೇಕು. ಆದರೆ ಅಲ್ಲಿ ಬೇರೆ ಸ್ಪೀಕರ್, ಬೇರೆ ಕೋಣೆ, ಕೆಳಗೆ ದಪ್ಪ ಕಾರ್ಪೆಟ್, ಗೋಡೆಗೆಲ್ಲ ಪ್ಯಾನೆಲ್. ನೀವು ಕೇಳಿ ಬಂದದ್ದು ಅದೆಲ್ಲ ಸೇರಿದ್ದನ್ನು, ಆಂಪ್ ಒಂದನ್ನೇ ಅಲ್ಲ. ಮತ್ತೆ ಒಂದು ಆಂಪ್ ಇನ್ನೊಂದಕ್ಕಿಂತ ಚೂರೇ ಚೂರು ಜೋರಾಗಿದ್ದರೂ ಕಿವಿ ಅದನ್ನು "ಜೋರು" ಅನ್ನುವುದಿಲ್ಲ, "ಸ್ಪಷ್ಟ" ಅನ್ನುತ್ತದೆ, "ಜೀವ ಇದೆ" ಅನ್ನುತ್ತದೆ. ಹೋಲಿಸುವುದಾದರೆ ಅದೇ ಟೋನ್, ಅದೇ ಮೀಟರ್ ಹಿಡಿದು ಎರಡನ್ನೂ ಸಮ ಮಾಡಿಕೊಳ್ಳಬೇಕು. ಒಂದರಲ್ಲಿ 2.00 ವೋಲ್ಟ್ ಇದ್ದರೆ ಇನ್ನೊಂದು 1.98ರಿಂದ 2.02ರ ಒಳಗಿರಲಿ. ಆಮೇಲೆ ಯಾವುದು ಓಡುತ್ತಿದೆ ಅಂತ ನೋಡದೆ ಕೇಳಿ. ಬದಲಾಯಿಸುವ ಕೆಲಸ ಮಗನಿಗೆ ಕೊಡಿ.

ಇದು ಹಳೇ ಜಗಳ. 1985ರಲ್ಲಿ ಅಮೆರಿಕದ ಆಂಪ್ ತಯಾರಕ ಬಾಬ್ ಕಾರ್ವರ್ ಅವರು ಸ್ಟೀರಿಯೊಫೈಲ್ ಎಂಬ ಆಡಿಯೊ ವಿಮರ್ಶೆಯ ಪತ್ರಿಕೆಯವರಿಗೆ ಸವಾಲು ಹಾಕಿದ್ದರು. ನೀವು ಮೆಚ್ಚಿದ ದುಬಾರಿ ಆಂಪ್ ಕೊಡಿ, ನನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ ಅದರ ಹಾಗೆಯೇ ಕೇಳುವ ಹಾಗೆ ಮಾಡುತ್ತೇನೆ ಅಂತ. ಪತ್ರಿಕೆಯವರು ಒಂದು ವಾಲ್ವ್ ಆಂಪ್ ಕೊಟ್ಟರು. ಕಾರ್ವರ್ ಹೋಟೆಲ್ ರೂಮಿನಲ್ಲಿ ಕೂತು, ಎರಡರ ಔಟ್‌ಪುಟ್ಟನ್ನು ಒಂದರಿಂದ ಒಂದು ಕಳೆದು, ಉಳಿಯುವ ವ್ಯತ್ಯಾಸ ಸೊನ್ನೆಯ ಹತ್ತಿರ ಬರುವ ತನಕ ತಮ್ಮ ಆಂಪನ್ನು ತಿದ್ದಿದರು. ಕೊನೆಗೆ ಪತ್ರಿಕೆಯವರಿಗೇ ಯಾವುದು ಯಾವುದೆಂದು ಗುರುತಿಸಲು ಆಗಲಿಲ್ಲ. ಎಲ್ಲ ಆಂಪೂ ಒಂದೇ ಅನ್ನುವುದಕ್ಕೆ ಇದನ್ನು ಹೇಳುತ್ತಾರೆ, ಅದು ತಪ್ಪು. ತಿದ್ದುವ ಮೊದಲು ವ್ಯತ್ಯಾಸ ಇತ್ತಲ್ಲ. ಆದರೆ ಆ ವ್ಯತ್ಯಾಸ ಅಳೆಯಬಹುದಾದದ್ದು, ಬೆಲೆಯ ಚೀಟಿಗೆ ಅಂಟಿದ್ದಲ್ಲ.

ಹಾಗಾದರೆ ದುಬಾರಿ ಆಂಪಿಗೆ ಕೆಲಸ ಎಲ್ಲಿ? ಸ್ಪೀಕರ್ ಮೊಂಡು ಇದ್ದಲ್ಲಿ. 83, 84 ಡಿಬಿಯ ಸ್ಪೀಕರ್, ಓದುವಾಗ 4 ಓಮ್ ಅಂತಿದ್ದರೂ ಕೆಲವು ಫ್ರೀಕ್ವೆನ್ಸಿಯಲ್ಲಿ 3ಕ್ಕೂ ಕೆಳಗೆ ಇಳಿಯುವಂಥದ್ದು, ಎಲೆಕ್ಟ್ರೊಸ್ಟಾಟಿಕ್ ಪ್ಯಾನೆಲ್ (ಕೋನ್ ಬದಲು ತೆಳು ಹಾಳೆ ಕಂಪಿಸುವ ಸ್ಪೀಕರ್), ಇವಕ್ಕೆಲ್ಲ ಕರೆಂಟ್ ಧಾರಾಳ ಕೊಡುವ ಗಟ್ಟಿ ಪವರ್ ಸಪ್ಲೈ ಬೇಕು. ದೊಡ್ಡ ಟ್ರಾನ್ಸ್‌ಫಾರ್ಮರಿಗೆ, ಹೀಟ್‌ಸಿಂಕಿಗೆ ನಿಜವಾಗಿ ಖರ್ಚಾಗುತ್ತದೆ. ಆಂಪಿನ ಕಾಗದದಲ್ಲಿ 8 ಓಮಿಗೆ 100 ವಾಟ್, 4 ಓಮಿಗೆ 180, 200 ಅಂತ ಇದ್ದರೆ ಒಳ್ಳೆ ಲಕ್ಷಣ. 4 ಓಮಿನ ಅಂಕೆಯೇ ಇಲ್ಲದಿದ್ದರೆ ಅನುಮಾನ ಇಟ್ಟುಕೊಳ್ಳಿ. ನಿಮ್ಮದು 8 ಓಮಿನ ಸಾಧು ಸ್ಪೀಕರ್. ಇದನ್ನು ಓಡಿಸಲು ವಾಟಿನ ಸೈನ್ಯ ಬೇಡ. 1978ರಲ್ಲಿ ಬಂದ ನ್ಯಾಡ್ 3020 ಎಂಬ ಆಂಪ್ ಬರೇ 20 ವಾಟಿನದ್ದು, ಅದನ್ನು ಇವತ್ತೂ ಹುಡುಕಿ ಕೊಳ್ಳುವವರಿದ್ದಾರೆ. ಈಗ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸಿನ ಟಿಪಿಎ3255 ಚಿಪ್ ಇರುವ ಅಂಗೈಯಗಲದ ಡಿ-ಕ್ಲಾಸ್ (ಕಡಿಮೆ ಬಿಸಿಯಾಗುವ, ಸ್ವಿಚಿಂಗ್ ಬಗೆಯ) ಆಂಪುಗಳೂ ಇಂಥ ಸ್ಪೀಕರನ್ನು ಲೀಲಾಜಾಲ ಓಡಿಸುತ್ತವೆ.

ಚಂದದ ಅಲ್ಯೂಮಿನಿಯಂ ಮುಖ, ಎಣ್ಣೆಯಲ್ಲಿ ತಿರುಗಿದ ಹಾಗಿನ ನಾಬ್, ಮೀಟರಿನ ಮುಳ್ಳು ಕುಣಿಯುವುದು ನೋಡುವ ಖುಷಿ, ಇದಕ್ಕೂ ದುಡ್ಡು ಕೊಡಬಹುದು. ನಾನು ಬೇಡ ಅನ್ನುವುದಿಲ್ಲ. ಧ್ವನಿಗೆ ಅಂತ ಮಾತ್ರ ಹೇಳಬೇಡಿ.

ನಮ್ಮ ಕರಾವಳಿಯ ವಿಷಯಕ್ಕೆ ಬರೋಣ, ಬೆಂಗಳೂರಿನ ವಿಮರ್ಶೆಗಳಲ್ಲಿ ಇದು ಇರುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಕಡಲ ಹತ್ತಿರ ಆದರೆ ಗಾಳಿಯಲ್ಲಿ ಉಪ್ಪು ಬೇರೆ. ಸ್ಪೀಕರ್ ರಿಲೇಯ ಕಾಂಟ್ಯಾಕ್ಟ್ ಕಪ್ಪಾಗುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಶುರು, ಹಿಂದಿನ ಆರ್‌ಸಿಎ ಸಾಕೆಟ್ ಹಸಿರು ತಿರುಗುತ್ತದೆ. ಮೂವತ್ತು ಸಾವಿರದ್ದಕ್ಕೂ ಇದೇ, ಮೂರು ಲಕ್ಷದ್ದಕ್ಕೂ ಇದೇ. ವ್ಯತ್ಯಾಸ ರಿಪೇರಿಯಲ್ಲಿ. ಸಾಧಾರಣ ಆಂಪನ್ನು ಮಂಗಳೂರಿನಲ್ಲೇ ಕೈ ಪಳಗಿದ ಮೆಕ್ಯಾನಿಕ್ ಬಿಚ್ಚಿ ಸರಿ ಮಾಡುತ್ತಾರೆ. 20 ಕಿಲೊದ ದುಬಾರಿ ಪೆಟ್ಟಿಗೆಯನ್ನು ಥರ್ಮಾಕೋಲಿನಲ್ಲಿ ಕಟ್ಟಿ, ಶಿರಾಡಿ ಘಾಟಿ ಹತ್ತಿಸಿ, ಬೆಂಗಳೂರಿಗೆ ಕಳಿಸಿ ಕಾಯಬೇಕು.

ಎ-ಕ್ಲಾಸ್ ಆಂಪ್ (ಹಾಡು ಇಲ್ಲದಾಗಲೂ ಪೂರ್ತಿ ಕರೆಂಟ್ ಹರಿಸುತ್ತಲೇ ಇರುವ ಬಗೆ) ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಒಂದು ಲೆಕ್ಕ ಹಾಕಿ. ಸುಮ್ನೆ ಆನ್ ಇದ್ದರೂ 200 ವಾಟ್ ಎಳೆಯುವಂಥದ್ದು ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ 24 ಯೂನಿಟ್. ಮೆಸ್ಕಾಂ ಬಿಲ್ಲು ಒಂದು ಕಡೆ. ಏಪ್ರಿಲ್ ಸೆಕೆಯಲ್ಲಿ ಚಾವಡಿಯಲ್ಲಿ ಒಂದು ಹೀಟರ್ ಇಟ್ಟುಕೊಂಡು ಕೂರುವುದು ಇನ್ನೊಂದು ಕಡೆ.

ದುಡ್ಡು ಹಾಕುವುದೇ ಆದರೆ ಮೊದಲು ಅರ್ಥಿಂಗಿಗೆ ಹಾಕಿ. ನಮ್ಮದು ಮುರಕಲ್ಲಿನ ನೆಲ, ಬೇಸಿಗೆಯಲ್ಲಿ ಒಣಗಿದರೆ ಅರ್ಥ್ ಹೆಸರಿಗೆ ಮಾತ್ರ ಇರುತ್ತದೆ. ಮೂರು ಪಿನ್ನಿನ ಸಾಕೆಟ್ಟಿನಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಎಷ್ಟು ವೋಲ್ಟ್ ಇದೆ ಅಂತ ಗೊತ್ತಿರುವ ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ. ಎರಡು ಮೂರು ವೋಲ್ಟ್ ಇದ್ದರೆ ತಲೆಬಿಸಿ ಬೇಡ. ಹತ್ತು ಹದಿನೈದು ತೋರಿಸಿದರೆ ಅರ್ಥ್ ಗುಂಡಿ, ವಯರಿಂಗ್ ಎರಡೂ ನೋಡಿಸಿ. ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಅನ್ನುವುದಕ್ಕೆ ಎಷ್ಟೋ ಸಲ ಆಂಪ್ ಕಾರಣವಲ್ಲ. ಸೆಟ್‌ಟಾಪ್ ಬಾಕ್ಸಿನ ಕೇಬಲ್ ತೆಗೆದು ನೋಡಿ, ಅಲ್ಲಿಗೆ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಉಪಕರಣಗಳ ಅರ್ಥ್ ಕೇಬಲಿನ ಮೂಲಕ ಸುತ್ತು ಕಟ್ಟಿಕೊಂಡು ಬರುವ ಗುಂಯ್. ಇನ್ನು ಮಳೆಗಾಲದ ಮುಂಚಿನ ಮತ್ತು ಅಕ್ಟೋಬರಿನ ಸಿಡಿಲು ಗೊತ್ತಲ್ಲ? ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳಿ, ಜೊತೆಗೆ ಇಂಟರ್‌ನೆಟ್ಟಿನ ಕೇಬಲನ್ನೂ ಕೀಳಿ. ಸರ್ಜ್ ಪ್ರೊಟೆಕ್ಟರ್ ಇರಲಿ, ಆದರೆ ಹತ್ತಿರದಲ್ಲಿ ಬಿದ್ದ ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ.

ಎರಡನೇದು ಕೋಣೆ. ಕೆಂಪು ಕಾವಿಯ ನೆಲ, ಗಾರೆ ಗೋಡೆ, ನಡುವೆ ಏನೂ ಇಲ್ಲದ ಚಾವಡಿ. ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ಟ್ರಿಣ್ ಅಂತ ಉಳಿಯುತ್ತದಾ? ಭಾಗವತರ ಮಾತು ಬಿಡಿಬಿಡಿಯಾಗಿ ಕೇಳದಿರುವುದು, ಜಾಗಟೆ ಕಿವಿಗೆ ಚುಚ್ಚುವುದು ಅದರಿಂದ. ಸ್ಪೀಕರಿಗೂ ನಿಮ್ಮ ಕುರ್ಚಿಗೂ ನಡುವೆ ದಪ್ಪ ಜಮಖಾನ ಹಾಸಿ. ತೆಳು ಚಾಪೆ ಸಾಲದು. ಪಕ್ಕದ ಗೋಡೆಗೆ ಪುಸ್ತಕದ ಕಪಾಟು, ಹಿಂದೆ ದಪ್ಪ ಪರದೆ ಬರಲಿ. ಸ್ಪೀಕರನ್ನು ಗೋಡೆಯಿಂದ ಒಂದೆರಡು ಅಡಿ ಮುಂದೆ ತಂದು, ಟ್ವೀಟರ್ (ಕೀರಲು ಸ್ವರ ಕೊಡುವ ಸಣ್ಣ ಘಟಕ) ಕಿವಿಯ ಎತ್ತರಕ್ಕೆ ಬರುವ ಸ್ಟ್ಯಾಂಡಿನಲ್ಲಿಡಿ. ಇಷ್ಟು ಮಾಡಿ ಒಂದು ವಾರ ಕೇಳಿ. ಸಪ್ಪೆ ಅನಿಸಿದ್ದು ಎಷ್ಟು ಉಳಿಯಿತು ನೋಡಿ.

ಆಮೇಲೂ ಕೈ ತುರಿಸಿದರೆ ಸ್ಪೀಕರ್ ಬದಲಿಸಿ, ಅಲ್ಲಿ ಕೊಟ್ಟ ದುಡ್ಡಿಗೆ ಕಿವಿಗೆ ಗೊತ್ತಾಗುವ ಬದಲಾವಣೆ ಸಿಗುತ್ತದೆ. ಲಕ್ಷ, ಲಕ್ಷದ ಇಪ್ಪತ್ತೈದು ಸಾವಿರಕ್ಕೆ ನಿಲ್ಲಿಸಿ. ಮೀಟರಿನಲ್ಲಿ 4.7 ದಾಟಿತ್ತು ಅಂತಾದರೆ ಮಾತ್ರ ಜೊತೆಗೆ 80, 100 ವಾಟಿನ ಮಧ್ಯಮ ಬೆಲೆಯ ಆಂಪ್ ನೋಡುವ.

ದುಬೈ ವಿಷಯ: ಅಲ್ಲಿಯದ್ದೂ 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ಓಡಲಿಕ್ಕೆ ತೊಂದರೆ ಇಲ್ಲ. ಪ್ಲಗ್ ಮಾತ್ರ ಚೌಕ ಪಿನ್ನಿನದು, ಕಾರ್ಡ್ ಬದಲಿಸಿದರೆ ಆಯಿತು. ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ 100 ವೋಲ್ಟಿನದು, ಅಮೆರಿಕದ್ದು 120. ಅದನ್ನು ನೇರ ನಮ್ಮ ಸಾಕೆಟ್ಟಿಗೆ ಹಾಕಿದರೆ ಹೊಗೆಯೇ. ವಾರಂಟಿ ಬೇರೆ ದೇಶದಲ್ಲಿ ನಡೆಯುತ್ತದಾ ಅಂತ ತಮ್ಮನ ಹತ್ತಿರ ಅಂಗಡಿಯಲ್ಲಿ ಬರೆಸಿಕೊಳ್ಳಲು ಹೇಳಿ, ಬಾಯಿಮಾತು ಬೇಡ. ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿದರೆ ಉಳಿತಾಯ ಅಂತ ಕಂಡದ್ದು ಬಹಳಷ್ಟು ಕರಗಿರುತ್ತದೆ.

ಮೀಟರ್ ರೀಡಿಂಗ್ ತೆಗೆದ ಮೇಲೆ ಇಲ್ಲೇ ಹಾಕಿ. ಸ್ಪೀಕರಿನ ಹಿಂದಿನ ಸ್ಟಿಕ್ಕರಿನ ಫೋಟೊ, ಚಾವಡಿಯ ಉದ್ದ ಅಗಲ, ಕುರ್ಚಿ ಎಷ್ಟು ದೂರ ಅಂತಲೂ ಬರೆಯಿರಿ. ಈ ಬಜೆಟ್ಟಿಗೆ ಯಾವ ಸ್ಪೀಕರ್ ಅಂತ ಆಮೇಲೆ ಮಾತಾಡುವ.