ದವಡೆಯ ಕೀಲು ನೋಯುತ್ತಿದೆಯೇ? ಓದುಗರ ಪ್ರಶ್ನೆಗಳಿಗೆ ದಂತವೈದ್ಯರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ದವಡೆಯ ಕೀಲಿಗೆ ಸಂಬಂಧಿಸಿದವೇ ಹೆಚ್ಚಾಗಿದ್ದುದರಿಂದ, ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಅವುಗಳಿಗೆ ಮಾತ್ರ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ದೀಪಾವಳಿಯ ನಂತರ ಬಲಗಿವಿಯ ಮುಂದೆ ನೋವು ಶುರುವಾಗಿದೆ. ಬೆಳಿಗ್ಗೆ ಎದ್ದಾಗ ದವಡೆ ಬಿಗಿದಿರುತ್ತದೆ, ಬಾಯಿ ತೆರೆದರೆ ಟಕ್ ಎನ್ನುತ್ತದೆ, ಖಡಕ್ ರೊಟ್ಟಿ ತಿಂದ ದಿನ ನೋವು ಹೆಚ್ಚು. ಕಿವಿಯ ಡಾಕ್ಟರರು ಕಿವಿಯಲ್ಲಿ ಏನೂ ತೊಂದರೆಯಿಲ್ಲ ಎಂದರು. ಇದು ಸಂಧಿವಾತವೇ? ರೊಟ್ಟಿ ಬಿಡಬೇಕೇ? (ಓದುಗರು, ಬಾದಾಮಿ)

ಉತ್ತರ: ಮುಟ್ಟಿ ಪರೀಕ್ಷಿಸದೆ ಖಚಿತವಾಗಿ ಹೇಳಲಾಗದಾದರೂ, ನೀವು ಬರೆದಿರುವುದನ್ನು ನೋಡಿದರೆ ಇದು ಸಂಧಿವಾತಕ್ಕಿಂತ ಹೆಚ್ಚಾಗಿ ದವಡೆಯ ಸ್ನಾಯುಗಳು ದಣಿದು ಬಂದ ನೋವಿನಂತೆ ಕಾಣುತ್ತದೆ. ಇಪ್ಪತ್ತರಿಂದ ನಲವತ್ತರ ನಡುವಿನ ವಯಸ್ಸಿನವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು.

ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿಯನ್ನು ನಿಧಾನವಾಗಿ ತೆರೆದು ಮುಚ್ಚಿ ನೋಡಿ. ಬೆರಳಿನಡಿ ಸರಿದಾಡುವ ಗುಂಡನೆಯ ಎಲುಬೇ ಕೆಳದವಡೆಯ ತಲೆ. ಅದು ತಲೆಬುರುಡೆಯ ಸಣ್ಣ ಕುಳಿಯೊಂದರಲ್ಲಿ ಕೂತಿರುತ್ತದೆ. ನಡುವೆ ಮೆತ್ತೆಯಂತೆ ಒಂದು ಬಿಲ್ಲೆ ಇರುತ್ತದೆ. ಬಾಯಿಯನ್ನು ಸ್ವಲ್ಪವೇ ತೆರೆದಾಗ ಈ ತಲೆ ಇದ್ದಲ್ಲೇ ತಿರುಗುತ್ತದೆ, ಅಗಲವಾಗಿ ತೆರೆದಾಗ ಬಿಲ್ಲೆಯೊಡನೆ ಮುಂದಕ್ಕೆ ಜಾರುತ್ತದೆ. ಬಿಲ್ಲೆ ಮೊದಲೇ ತುಸು ಮುಂದೆ ಸರಿದಿದ್ದರೆ, ಎಲುಬಿನ ತಲೆ ಅದರಡಿಗೆ ಮತ್ತೆ ಸೇರಿಕೊಳ್ಳುವ ಗಳಿಗೆಯಲ್ಲಿ ನಿಮಗೆ ಕೇಳಿಸುವ ಸದ್ದು ಹುಟ್ಟುತ್ತದೆ. ಸದ್ದು ಮಾತ್ರವಿದ್ದು ನೋವಾಗಲಿ ಬಾಯಿ ಹಿಡಿದುಕೊಳ್ಳುವುದಾಗಲಿ ಇಲ್ಲದಿದ್ದರೆ ಅದಕ್ಕೆ ಚಿಕಿತ್ಸೆಯೇ ಬೇಕಿಲ್ಲ. ಆದುದರಿಂದ ಸದ್ದನ್ನು ಬಿಟ್ಟು ನೋವಿನ ಕಡೆ ಗಮನ ಕೊಡಿ.

ಕಿವಿ ನೋಯುವುದಕ್ಕೂ ಕಾರಣವಿದೆ. ದವಡೆಯ ಕೀಲಿಗೆ ಹೋಗುವ ನರವೇ ಕಿವಿಯ ಒಂದು ಭಾಗಕ್ಕೂ ಹೋಗುವುದರಿಂದ ಕೀಲಿನ ನೋವು ಕಿವಿಯದೆಂದು ಅನಿಸುತ್ತದೆ. 1934ರಲ್ಲಿ ಅಮೆರಿಕದ ಜೇಮ್ಸ್ ಕಾಸ್ಟೆನ್ ಎಂಬ ಕಿವಿ, ಮೂಗು, ಗಂಟಲಿನ ವೈದ್ಯರು ಈ ನಂಟಿನತ್ತ ಗಮನ ಸೆಳೆದರು. ಹಿಂದಿನ ಹಲ್ಲುಗಳು ಬಿದ್ದುಹೋದುದೇ ಎಲ್ಲಕ್ಕೂ ಮೂಲವೆಂಬ ಅವರ ವಾದ ನಿಲ್ಲಲಿಲ್ಲ. ಆದರೆ ಹಲ್ಲು ಸರಿಮಾಡಿದರೆ ಕೀಲು ಸರಿಹೋಗುತ್ತದೆಂಬ ನಂಬಿಕೆ ಮಾತ್ರ ಬಹಳ ಕಾಲ ಉಳಿಯಿತು, ಕೆಲವೆಡೆ ಇಂದಿಗೂ ಉಳಿದಿದೆ.

ಬೆಳಗಿನ ಬಿಗಿತವು ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವುದರ ಸೂಚನೆಯಾಗಿರಬಹುದು; ಪಕ್ಕದಲ್ಲಿ ಮಲಗುವವರನ್ನು ಕೇಳಿ ನೋಡಿ. ಹಗಲಿನಲ್ಲಿ ತಿಳಿಯದಂತೆ ಹಲ್ಲು ಬಿಗಿಹಿಡಿಯುವುದು ಇದಕ್ಕಿಂತ ಹೆಚ್ಚು ತೊಂದರೆ ಕೊಡಬಲ್ಲದು. ಉತ್ತರಪತ್ರಿಕೆ ತಿದ್ದುವಾಗ ಒಮ್ಮೆ ತಟ್ಟನೆ ನಿಂತು, ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿವೆಯೇ ಎಂದು ಗಮನಿಸಿ. ಅಗಿಯುವಾಗ ಮತ್ತು ನುಂಗುವಾಗ ಬಿಟ್ಟರೆ ಅವು ತಾಗಿರಕೂಡದು. ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ಸಂದಿರಲಿ, ನಾಲಿಗೆಯ ತುದಿ ಮೇಲಿನ ಮುಂಬಲ್ಲುಗಳ ಹಿಂದೆ ಹಗುರವಾಗಿ ಕೂತಿರಲಿ. ಇಷ್ಟು ಚಿಕ್ಕ ಸಂಗತಿಯನ್ನು ದಿನದಲ್ಲಿ ಹಲವು ಬಾರಿ ನೆನಪಿಸಿಕೊಳ್ಳುವುದು ಮಾತ್ರೆಗಿಂತ ಹೆಚ್ಚು ಕೆಲಸ ಮಾಡುತ್ತದೆಂಬುದು ನನ್ನ ಅನುಭವ.

ರೊಟ್ಟಿಯನ್ನು ಬಿಡಬೇಕಾಗಿಲ್ಲ. ಎರಡು ಮೂರು ವಾರ ಖಡಕ್ ರೊಟ್ಟಿ, ಕರದಂಟು, ಕಬ್ಬು ಇವುಗಳನ್ನು ದೂರವಿಟ್ಟು, ಹಂಚಿನಿಂದ ಆಗತಾನೇ ಇಳಿದ ಮೆತ್ತನೆಯ ಜೋಳದ ರೊಟ್ಟಿಯನ್ನು ಸಣ್ಣಗೆ ಮುರಿದು ಸಾರಿನಲ್ಲೋ ಹಾಲಿನಲ್ಲೋ ನೆನೆಸಿ ಉಣ್ಣಿ. ನುಚ್ಚು, ಹುಗ್ಗಿಗಳಿಗೂ ಅಡ್ಡಿಯಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಯ ಮೇಲೆ ದಿನಕ್ಕೆರಡು ಸಲ, ಹದಿನೈದಿಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಆಕಳಿಕೆ ಬಂದಾಗ ಗದ್ದದಡಿ ಮುಷ್ಟಿ ಕೊಟ್ಟು ಬಾಯಿ ಪೂರ್ತಿ ಅಗಲವಾಗದಂತೆ ತಡೆಯಿರಿ. ನೋವು ಹೆಚ್ಚಿದ್ದರೆ ಐಬುಪ್ರೊಫೇನ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳಿ ಕೆಲವು ದಿನ ಮಾತ್ರ ತೆಗೆದುಕೊಳ್ಳಬಹುದು. ಹೊಟ್ಟೆಯ ಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ತಕ್ಕುದಲ್ಲ. ಇಷ್ಟರಿಂದಲೇ ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ಗುಣ ಕಾಣುತ್ತದೆ. ಕಾಣದಿದ್ದರೆ ಫಿಸಿಯೊಥೆರಪಿಸ್ಟರ ಬಳಿ ದವಡೆಯ ವ್ಯಾಯಾಮಗಳನ್ನು ಕಲಿಯಿರಿ.

ದವಡೆಯ ಎಲ್ಲ ನೋವೂ ಕೀಲಿನದಲ್ಲ ಎಂಬುದನ್ನು ಇತರ ಓದುಗರಿಗಾಗಿ ಹೇಳಬೇಕು. ಮೆಟ್ಟಿಲು ಹತ್ತುವಾಗ ಬಂದು ನಿಂತಾಗ ಇಳಿಯುವ ದವಡೆ ನೋವು ಹೃದಯದ್ದಾಗಿರಬಹುದು. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು ಬಂದು, ಅಗಿಯುತ್ತ ಅಗಿಯುತ್ತ ದವಡೆ ಸೋತುಹೋಗುತ್ತಿದ್ದರೆ ಅದು ರಕ್ತನಾಳದ ಉರಿಯೂತವಾಗಿದ್ದು ದೃಷ್ಟಿಗೇ ಅಪಾಯ ತರಬಹುದು. ಎರಡರಲ್ಲೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಬಾಯಿಯೊಳಗೆ ಎರಡು ಬೆರಳು ಕೂಡ ಹೋಗುವುದಿಲ್ಲ. ನೋವಿಲ್ಲ, ಆದರೆ ಖಾರ ತಿಂದರೆ ಉರಿಯುತ್ತದೆ. ಗುಟ್ಕಾ ತಿನ್ನುವ ಚಟವಿತ್ತು, ಈಗ ಅಡಕೆ ಮಾತ್ರ. ದವಡೆಯ ಕೀಲು ಹಿಡಿದಿದೆ ಎನ್ನುತ್ತಾರೆ, ನಿಜವೇ? (ಓದುಗರು, ಇಂಡಿ)

ಉತ್ತರ: ಇದು ಕೀಲಿನ ತೊಂದರೆಯಾಗಿರುವ ಸಾಧ್ಯತೆ ಕಡಿಮೆ. ವಯಸ್ಕರ ಬಾಯಿ ಸಾಮಾನ್ಯವಾಗಿ 35ರಿಂದ 50 ಮಿ.ಮೀ. ತೆರೆಯುತ್ತದೆ, ಎಂದರೆ ಅವರವರ ಮೂರು ಬೆರಳು ಅಡ್ಡವಾಗಿ ಸೇರುವಷ್ಟು. ಖಾರಕ್ಕೆ ಉರಿ, ನೋವಿಲ್ಲದೆ ಕಿರಿದಾಗುತ್ತ ಬಂದ ಬಾಯಿ, ಅಡಕೆಯ ಚಟ ಈ ಮೂರೂ ಸೇರಿದಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ರೋಗವನ್ನು ಮೊದಲು ಶಂಕಿಸಬೇಕು. ಬೆಳಕಿನಲ್ಲಿ ನೋಡಿದರೆ ಕೆನ್ನೆಯ ಒಳಭಾಗ ಬಿಳಿಚಿಕೊಂಡಿರುತ್ತದೆ, ಬೆರಳಾಡಿಸಿದರೆ ಗಟ್ಟಿ ಪಟ್ಟಿಗಳು ಸಿಗುತ್ತವೆ.

“ಅಡಕೆ ಮಾತ್ರ” ಎಂಬ ನಿಮ್ಮ ಮಾತಿನಲ್ಲಿ ಸಮಾಧಾನ ಪಡುವಂಥದ್ದೇನೂ ಇಲ್ಲ. ಈ ರೋಗಕ್ಕೆ ತಂಬಾಕು ಬೇಕೇ ಇಲ್ಲ, ಅಡಕೆಯೊಂದೇ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಡಕೆಯನ್ನೇ ಕ್ಯಾನ್ಸರ್‌ಕಾರಕವೆಂದು 2004ರ ತನ್ನ ವರದಿಯಲ್ಲಿ ಪ್ರಕಟಿಸಿದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾದರೂ ಅಡಕೆಯ ಚೀಟಿ, ತಂಬಾಕಿನ ಚೀಟಿಗಳು ಬೇರೆ ಬೇರೆಯಾಗಿ ಮಾರಾಟವಾಗುತ್ತಿರುವುದು ಎಲ್ಲರ ಕಣ್ಣಮುಂದಿದೆ. ತಮ್ಮನನ್ನು ಈ ವಾರವೇ ದಂತವೈದ್ಯರ ಬಳಿ ಕರೆದೊಯ್ಯಿರಿ. ಅಡಕೆ ಬಿಡುವುದು, ಬಾಯಿ ತೆರೆಯುವ ವ್ಯಾಯಾಮ, ಕೆನ್ನೆಗೆ ಕೊಡುವ ಇಂಜೆಕ್ಷನ್, ತೀರ ಬಿಗಿದಿದ್ದರೆ ಶಸ್ತ್ರಚಿಕಿತ್ಸೆ ಇವುಗಳಿಂದ ಬಾಯಿ ಸ್ವಲ್ಪ ಬಿಡಬಹುದು. ಹಾಳಾದುದು ಪೂರ್ತಿ ಮರಳುವುದಿಲ್ಲ. ಕ್ಯಾನ್ಸರ್‌ಗೆ ತಿರುಗಬಹುದಾದ ರೋಗವಾದ್ದರಿಂದ ಮುಂದೆಯೂ ತಪ್ಪದೆ ತಪಾಸಣೆ ಮಾಡಿಸುತ್ತಿರಬೇಕು.

ಪ್ರಶ್ನೆ: ಎಂಟು ತಿಂಗಳಿನಿಂದ ದವಡೆ ನೋವಿದೆ. ಎಂಆರ್‌ಐನಲ್ಲಿ ಬಿಲ್ಲೆ ಸರಿದಿದೆ ಎಂದು ಬಂದಿದೆ. ಒಬ್ಬರು ಹಲ್ಲುಗಳನ್ನು ತೇಯ್ದು ಕಚ್ಚು (ಮೇಲಿನ, ಕೆಳಗಿನ ಹಲ್ಲುಗಳು ಕೂಡುವ ಬಗೆ) ಸರಿಮಾಡೋಣ ಎನ್ನುತ್ತಾರೆ, ಇನ್ನೊಬ್ಬರು ಆಪರೇಷನ್ ಎನ್ನುತ್ತಾರೆ. ಯಾವುದು ಸರಿ? (ಓದುಗರು, ಗೋಕಾಕ)

ಉತ್ತರ: ಸದ್ಯಕ್ಕೆ ಎರಡೂ ಬೇಡ. ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಹಾಗೆ ತೇಯುವುದರಿಂದ ಕೀಲಿನ ನೋವು ಹೋಗುತ್ತದೆಂಬುದಕ್ಕೆ ಗಟ್ಟಿ ಆಧಾರವೂ ಇಲ್ಲ. ಬಿಲ್ಲೆ ಸರಿದಿರುವುದು ನೋವೇ ಇಲ್ಲದ ಅನೇಕರ ಎಂಆರ್‌ಐನಲ್ಲೂ ಕಾಣುವುದರಿಂದ, ಚಿತ್ರಕ್ಕೆ ಚಿಕಿತ್ಸೆ ಮಾಡದೆ ರೋಗಿಗೆ ಚಿಕಿತ್ಸೆ ಮಾಡಬೇಕು. 2023ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿಯು ಬಹುಕಾಲದ ದವಡೆ ನೋವಿಗೆ ವ್ಯಾಯಾಮ, ಕೈಯಿಂದ ಮಾಡುವ ಫಿಸಿಯೊಥೆರಪಿ, ಒತ್ತಡ ಮತ್ತು ನೋವನ್ನು ನಿಭಾಯಿಸುವ ಮನೋಚಿಕಿತ್ಸೆ ಇವುಗಳನ್ನೇ ಮುಂದಿಟ್ಟಿದೆ. ರಾತ್ರಿ ಹಲ್ಲುಗಳ ಮೇಲೆ ಹಾಕಿಕೊಳ್ಳುವ ಸ್ಪ್ಲಿಂಟ್ ಎಂಬ ಅಚ್ಚು ಹಲ್ಲು ಸವೆಯದಂತೆ ಕಾಪಾಡುತ್ತದೆ. ನೋವನ್ನು ಇಳಿಸುವುದರಲ್ಲಿ ಅದಕ್ಕೆ ನಾವು ದಂತವೈದ್ಯರು ಕೊಡುತ್ತ ಬಂದ ಮಹತ್ವ ಕೊಂಚ ಹೆಚ್ಚೇ ಆಯಿತೇನೋ.

ನಿಮ್ಮ ಬಾಯಿ ಒಮ್ಮೆಗೇ ಕಿರಿದಾಗಿ ಹಾಗೆಯೇ ನಿಂತಿದ್ದರೆ ಮಾತು ಬೇರೆ. ಆಗ ಸ್ಥಳೀಯ ಅರಿವಳಿಕೆ ಕೊಟ್ಟು, ಎರಡು ಸೂಜಿಗಳ ಮೂಲಕ ಲವಣಜಲ ಹಾಯಿಸಿ ಕೀಲನ್ನು ತೊಳೆಯುವ ಆರ್ಥ್ರೋಸೆಂಟೆಸಿಸ್‌ನಿಂದ ಅನುಕೂಲವಾಗಬಹುದು. ತೆರೆದ ಶಸ್ತ್ರಚಿಕಿತ್ಸೆ ಎಲುಬು ಬೆಸೆದುಕೊಂಡವರಿಗೆ, ಗಡ್ಡೆ ಬೆಳೆದವರಿಗೆ, ಕೀಲು ತೀರ ಸವೆದುಹೋದವರಿಗೆ. ಇನ್ನೊಂದು ಅಭಿಪ್ರಾಯ ಬೇಕಿದ್ದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ದಂತ ಮಹಾವಿದ್ಯಾಲಯಗಳಿವೆ. ಅಲ್ಲಿನ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯ ವಿಭಾಗದಲ್ಲಿ ಎಂಆರ್‌ಐ ಚಿತ್ರಗಳೊಡನೆ ತೋರಿಸಿ.

ಪ್ರಶ್ನೆ: ನಮ್ಮ ತಾಯಿ ಆಕಳಿಸಿದಾಗ ಬಾಯಿ ತೆರೆದೇ ನಿಂತುಬಿಡುತ್ತದೆ. ಈ ವರ್ಷ ಎರಡು ಬಾರಿ ಹೀಗಾಯಿತು. (ಓದುಗರು, ವಿಜಯಪುರ)

ಉತ್ತರ: ದವಡೆಯ ತಲೆ ಕುಳಿಯ ಮುಂದಿನ ಏರು ದಾಟಿ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಬಾಯಿಯನ್ನು ಬಲವಂತವಾಗಿ ಮುಚ್ಚಿಸುವುದು, ಗದ್ದಕ್ಕೆ ಗುದ್ದುವುದು ಮಾಡಬೇಡಿ. ವೈದ್ಯರು ಕೆಳಗಿನ ದವಡೆಹಲ್ಲುಗಳ ಬಳಿ ಹೆಬ್ಬೆರಳಿಟ್ಟು, ದವಡೆಯನ್ನು ಮೊದಲು ಕೆಳಕ್ಕೆ ಒತ್ತಿ ಆಮೇಲೆ ಹಿಂದಕ್ಕೆ ಸರಿಸಿ ಕೂರಿಸುತ್ತಾರೆ. ಬೇಗ ಹೋದಷ್ಟೂ ಸುಲಭ; ತಡವಾದರೆ ಸ್ನಾಯುಗಳು ಬಿಗಿದು ಅರಿವಳಿಕೆ ಬೇಕಾಗಬಹುದು. ಕೂರಿಸಿದ ಮೇಲೆ ಕೆಲವು ವಾರ ಬಾಯಿ ಅಗಲವಾಗಿ ತೆರೆಯದಂತೆ, ಗಟ್ಟಿ ಆಹಾರ ಅಗಿಯದಂತೆ ನೋಡಿಕೊಳ್ಳಿ. ಮತ್ತೆ ಮತ್ತೆ ಜಾರುತ್ತಿದ್ದರೆ ಕೀಲಿನ ಸುತ್ತ ಅವರದೇ ರಕ್ತವನ್ನು ಇಂಜೆಕ್ಷನ್ ಮೂಲಕ ಕೊಡುವ ಚಿಕಿತ್ಸೆಯಿದೆ, ಅದಕ್ಕೂ ಬಗ್ಗದವರಿಗೆ ಶಸ್ತ್ರಚಿಕಿತ್ಸೆಯಿದೆ. ವಾಂತಿ ನಿಲ್ಲಿಸುವ ಮತ್ತು ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ದವಡೆ ಹೀಗೆ ಸೆಟೆದು ಜಾರುವುದುಂಟು. ಆದುದರಿಂದ ತಾಯಿಯವರು ತೆಗೆದುಕೊಳ್ಳುವ ಎಲ್ಲ ಔಷಧಿಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ.