ಓದುಗರ ಪ್ರಶ್ನೆ: ಕಲ್ಲಿನಲ್ಲಿ ಉಳಿದ ಎಲೆ

ಪ್ರಶ್ನೆ: ತಿಳಿಬಣ್ಣದ ಸುಣ್ಣಕಲ್ಲಿನ ಮೇಲೆ ಜರೀಗಿಡದಂಥ ಕಪ್ಪು ಚಿತ್ತಾರವಿದೆ. ಇದು ಎಲೆಯ ಪಳೆಯುಳಿಕೆಯೇ?

ಉತ್ತರ: ಬಹುಶಃ ಅಲ್ಲ, ಡೆಂಡ್ರೈಟ್ ಇರಬೇಕು. ಬಿರುಕಿನಲ್ಲಿ ಜಿನುಗಿದ ನೀರಿನಲ್ಲಿದ್ದ ಮ್ಯಾಂಗನೀಸ್ ಆಕ್ಸೈಡಾಗಿ ಕವಲೊಡೆಯುತ್ತ ಕೂತ ಗುರುತು ಅದು; ಗಿಡಕ್ಕೂ ಅದಕ್ಕೂ ನಂಟಿಲ್ಲ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಲ್ಲಿ ನೋಡಿ. ಎಲೆಯಾದರೆ ಅಂಚು ಸ್ಪಷ್ಟವಾಗಿರುತ್ತದೆ, ನರಗಳಿಗೆ ಒಂದು ಕ್ರಮ ಇರುತ್ತದೆ. ಗಿಂಕೊ ಎಂಬ ಮರದ್ದರಂಥ ನಡುನರವಿಲ್ಲದ ಎಲೆಯಲ್ಲೂ ನರಗಳು ಬೀಸಣಿಗೆಯಂತೆ ಹರಡಿ ಎರಡೆರಡಾಗಿ ಒಡೆಯುತ್ತ ಹೋಗುತ್ತವೆ. ಡೆಂಡ್ರೈಟ್ ಬಿರುಕಿನ ಅಂಚಿನಿಂದ ಹೊರಟು ಮನಬಂದಂತೆ ಚಾಚುತ್ತದೆ. ಕಲ್ಲಿನ ಪದರಕ್ಕೆ ಅಡ್ಡವಾದ ಬಿರುಕಿನಲ್ಲೂ ಅದೇ ಚಿತ್ತಾರ ಕಂಡರೆ ಅನುಮಾನವೇ ಬೇಡ: ಕೆಸರಿಗೆ ಬಿದ್ದ ಎಲೆ ಪದರದ ಜೊತೆಗೇ ಮಲಗಿರುತ್ತದೆ.

ಪ್ರಶ್ನೆ: ಶೇಲ್ ಎಂಬ ಪದರಪದರದ ಜೇಡಿಗಲ್ಲು ಸೀಳಿದಾಗ ಎಲೆಯ ಗುರುತು ಎರಡೂ ಹೋಳುಗಳಲ್ಲಿ ಕಂಡಿತು. ಒಂದನ್ನು ನೀರಿನಲ್ಲಿ ತೊಳೆದಿಟ್ಟೆ, ಮರುದಿನ ಬಿರುಕು ಬಿಟ್ಟಿತ್ತು. ಎಲ್ಲಿ ತಪ್ಪಿದೆ?

ಉತ್ತರ: ಎರಡು ಹೋಳಾದದ್ದು ತಪ್ಪಲ್ಲ, ಲಾಭ. ಸಾಮಾನ್ಯವಾಗಿ ಒಂದರಲ್ಲಿ ಎಲೆಯ ಇಂಗಾಲದ ಕಪ್ಪು ಪೊರೆ ಉಳಿದಿರುತ್ತದೆ, ಇನ್ನೊಂದರಲ್ಲಿ ಬರೀ ಅಚ್ಚು. ನರಗಳ ಉಬ್ಬು ತಗ್ಗು ಎಷ್ಟೋ ಸಲ ಅಚ್ಚಿನಲ್ಲೇ ಚೆನ್ನಾಗಿ ಕಾಣುತ್ತದೆ. ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟು 7ಅ, 7ಆ ಎಂದು ಹಿಂಬದಿಯಲ್ಲಿ ಬರೆಯಿರಿ. ಯಾವ ಜಾಗದ ಯಾವ ಪದರದ್ದು ಎಂಬುದನ್ನೂ ಬರೆದಿಡಿ. ಅದಿಲ್ಲದ ಕಲ್ಲು ಅಲಂಕಾರಕ್ಕಷ್ಟೇ.

ತಪ್ಪಿದ್ದು ನೀರು. ಶೇಲ್‌ನಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಪದರಗಳು ಬಿಡುವುದು ಆಗಲೇ, ಪೊರೆ ಏಳುವುದೂ ಆಗಲೇ. ಇನ್ನು ಮುಂದೆ ಒಣ ಮೆದು ಬ್ರಶ್ ಸಾಕು, ಅದೂ ಪೊರೆಯ ಮೇಲೆ ಬೇಡ. ನೆಲದಿಂದ ತೆಗೆದಾಗಲೇ ಒದ್ದೆಯಿದ್ದರೆ ದಿನಪತ್ರಿಕೆಯಲ್ಲಿ ಸುತ್ತಿ ನೆರಳಲ್ಲಿ ಕೆಲವು ದಿನ ನಿಧಾನವಾಗಿ ಆರಲು ಬಿಡಿ. ಬಿಸಿಲು, ಹೇರ್ ಡ್ರೈಯರ್ ಎರಡೂ ಕೂಡದು.

ಪೊರೆ ಏಳುತ್ತಿದ್ದರೆ 100 ಮಿಲಿ ಅಸಿಟೋನ್‌ಗೆ 5 ಗ್ರಾಂ ಪ್ಯಾರಲಾಯ್ಡ್ ಬಿ-72 (ಪಳೆಯುಳಿಕೆ ಗಟ್ಟಿಮಾಡಲು ಬಳಸುವ ಅಕ್ರಿಲಿಕ್ ರಾಳ) ಕರಗಿಸಿ, ಅಂಚಿನಿಂದ ಹನಿಹನಿಯಾಗಿ ಇಂಗಿಸಿ. ಗಾಳಿಯಾಡುವ ಜಾಗವಿರಲಿ, ಹತ್ತಿರ ಬೆಂಕಿ ಬೇಡ. ಮರಕ್ಕೆ ಹಚ್ಚುವ ವಾರ್ನಿಷ್ ಮುಟ್ಟಲೇಬೇಡಿ: ಹೊಳಪಿನಲ್ಲಿ ನರಗಳು ಮುಳುಗುತ್ತವೆ, ವರ್ಷ ಕಳೆದಂತೆ ಹಳದಿಯಾಗುತ್ತದೆ. ಬಿ-72 ಆದರೆ ಬೇಡವೆನಿಸಿದಾಗ ಅಸಿಟೋನ್‌ನಿಂದಲೇ ಬಹುಪಾಲು ತೆಗೆಯಬಹುದು.

ಸೀಳುವ ಬಗ್ಗೆ ಒಂದು ಮಾತು. ಕಲ್ಲನ್ನು ಮರಳಿನ ಚೀಲದ ಮೇಲೆ ಅಂಚಿಗೆ ನಿಲ್ಲಿಸಿ, ಅಗಲ ಬಾಯಿಯ ತೆಳು ಚಾಣವನ್ನು ಪದರದ ಗೆರೆಗೆ ಹೊಂದಿಸಿ, ಸುತ್ತಲೂ ಮೆಲ್ಲಗೆ ತಟ್ಟುತ್ತ ಬನ್ನಿ. ಒಂದೇ ಕಡೆ ಜೋರಾಗಿ ಹೊಡೆದರೆ ಒಡಕು ಪದರ ಬಿಟ್ಟು ಎಲೆಗೆ ಅಡ್ಡ ಹಾಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಪ್ರಶ್ನೆ: ಎಲೆಯಂಚು ನೋಡಿ ಅಂದಿನ ಹವೆ ಹೇಳುತ್ತಾರಂತೆ, ನಿಜವೇ?

ಉತ್ತರ: ನಿಜ, ಆದರೆ ಒಂದು ಎಲೆಯಿಂದ ಸಾಧ್ಯವಿಲ್ಲ. ಬೆಚ್ಚಗಿನ ಕಾಡಿನ ಅಗಲೆಲೆ ಮರಗಳಲ್ಲಿ ನಯವಾದ ಅಂಚಿನವು ಹೆಚ್ಚು, ತಂಪು ನಾಡಿನಲ್ಲಿ ಗರಗಸದಂಚಿನವು ಹೆಚ್ಚು. 1915ರಲ್ಲಿ ಸಸ್ಯವಿಜ್ಞಾನಿಗಳಾದ ಬೈಲಿ ಮತ್ತು ಸಿನಟ್ ಇದನ್ನು ಗುರುತಿಸಿದರು. ನಯವಾದ ಅಂಚಿನವು ಎಷ್ಟು ಪಾಲು ಎಂದು ನೋಡಿ ಹವೆಯ ಲೆಕ್ಕ ಹಾಕುತ್ತಾರೆ; ಅದಕ್ಕೆ ಒಂದೇ ಪದರದಲ್ಲಿ ಕನಿಷ್ಠ 20 ಬಗೆಯ ಎಲೆಗಳಾದರೂ ಸಿಗಬೇಕು. ಹೊಳೆದಂಡೆಯ ಮರಗಳಲ್ಲಿ ಗರಗಸದಂಚು ಜಾಸ್ತಿ, ಹೊಳೆಯ ಕೆಸರಿನಲ್ಲಿ ಉಳಿಯುವುದೂ ಅವುಗಳ ಎಲೆಯೇ. ಹಾಗಾಗಿ ಲೆಕ್ಕ ಇದ್ದದ್ದಕ್ಕಿಂತ ತಂಪು ಎಂದು ಬರುವುದುಂಟು.